ವೀರಗಲ್ಲಿನ ಕೆಳಗಿನ ಪಟ್ಟಿಕೆ: ಹಳೆಯ ಕಾರುಗಳ ಕೂಟ ಮತ್ತು ಅಗಲಿದ ಹಿರಿಯರ ನೆನಪು

ಹಳೆಯ ಕಾರುಗಳನ್ನು ಕಾಪಾಡಿಕೊಂಡು ಬರುವವರ ಕೂಟದಲ್ಲಿ ಹಿರಿಯ ಸದಸ್ಯರೊಬ್ಬರು ತೀರಿಕೊಂಡಾಗ ಆಗುವ ನಷ್ಟವು ಬೇರೆ ಸಂಘಗಳಿಗೆ ಆಗುವ ನಷ್ಟಕ್ಕಿಂತ ಒಂದು ವಿಷಯದಲ್ಲಿ ಭಿನ್ನವಾದುದು. ಸಾಹಿತ್ಯ ಸಂಘದ ಸದಸ್ಯರು ಹೋದರೆ ಅವರು ಓದುತ್ತಿದ್ದ ಪುಸ್ತಕವನ್ನು ಇನ್ನೊಬ್ಬರು ಓದಬಹುದು; ಆದರೆ ತೊಂಬತ್ತು ವರ್ಷದ ಕಾರೊಂದು ಯಾವ ಹವಾಮಾನದಲ್ಲಿ ಹೇಗೆ ಚಾಲೂ ಆಗುತ್ತದೆ, ಎರಡನೆಯ ಗೇರಿನಲ್ಲಿ ಏಳುವ ಸದ್ದು ಅದರ ಹುಟ್ಟುಗುಣವೋ ಹೊಸ ಕಾಯಿಲೆಯೋ, ಎಂದೋ ಒಡೆದ ಭಾಗವೊಂದರ ಜಾಗದಲ್ಲಿ ಈಗ ಕುಳಿತಿರುವುದು ಯಾವ ಲೇತಿನಲ್ಲಿ ಮಾಡಿಸಿದ್ದು ಎಂಬ ಸಂಗತಿಗಳು ಬಹುಪಾಲು ಎಲ್ಲಿಯೂ ಬರೆದಿಟ್ಟಿರದೆ, ಆ ಕಾರನ್ನು ಸಾಕಿದವರ ಕೈಯಲ್ಲಿ ಮತ್ತು ಕಿವಿಯಲ್ಲಿ ಮಾತ್ರ ಇರುತ್ತವೆ. ಅವರ ಅಂತ್ಯಕ್ರಿಯೆಯ ಮರುದಿನವೂ ಕಾರು ಷೆಡ್ಡಿನಲ್ಲಿ ಹಾಗೆಯೇ ನಿಂತಿರುತ್ತದೆ, ಆದರೆ ಅದನ್ನು ಬಲ್ಲವರು ಇರುವುದಿಲ್ಲ.

ಕನ್ನಡ ನಾಡಿನಲ್ಲಿ ಅಗಲಿದವರನ್ನು ನೆನೆಯುವ ಹಳೆಯ ಕ್ರಮವೊಂದಿದೆ. ಊರಿನ ಹೊರಗೋ ದೇಗುಲದ ಅಂಗಳದಲ್ಲೋ ನಿಲ್ಲಿಸಿದ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿದ್ದು, ಮೇಲಿನದರಲ್ಲಿ ಸತ್ತವನು ಶಿವನ ಸನ್ನಿಧಿಯಲ್ಲಿ ಕುಳಿತಿರುತ್ತಾನೆ, ನಡುವಿನದರಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಿರುತ್ತಾರೆ, ಕೆಳಗಿನದರಲ್ಲಿ ಅವನು ಮಾಡಿದ ಕೆಲಸ, ಅಂದರೆ ಆ ದಿನದ ಕಾದಾಟ, ಕೆತ್ತಿರುತ್ತದೆ. ಮೇಲಿನ ಎರಡು ಪಟ್ಟಿಕೆಗಳು ಕಲ್ಲಿನಿಂದ ಕಲ್ಲಿಗೆ ಹೆಚ್ಚು ಬದಲಾಗುವುದಿಲ್ಲ. ದನಗಳನ್ನು ಬಿಡಿಸಲು ಹೋದನೋ, ಕೋಟೆ ಕಾದನೋ, ಹುಲಿಯೊಡನೆ ಹೋರಾಡಿದನೋ ಎಂಬುದನ್ನು ಹೇಳಿ ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸುವುದು ಕೆಳಗಿನ ಪಟ್ಟಿಕೆಯೇ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನವು ತಕ್ಕೋಲದ ಯುದ್ಧದ ಸುದ್ದಿಯ ಜೊತೆಯಲ್ಲೇ ಕಾಳಿ ಎಂಬ ಬೇಟೆನಾಯಿಯೊಂದು ಹಂದಿಯೊಡನೆ ಹೋರಾಡಿ ಸತ್ತ ಸಂಗತಿಯನ್ನು ಹೆಸರು ಸಹಿತ ದಾಖಲಿಸಿದೆ. ನಾಯಿಗೂ ಕೆಳಗಿನ ಪಟ್ಟಿಕೆಯನ್ನು ಕೊಟ್ಟ ನಾಡಿನಲ್ಲಿ ಈಗಿನ ಶ್ರದ್ಧಾಂಜಲಿಗಳು ಮೇಲಿನ ಪಟ್ಟಿಕೆಯಲ್ಲೇ ನಿಂತುಬಿಡುತ್ತವೆ: ಸ್ನೇಹಜೀವಿ, ಸರಳ ವ್ಯಕ್ತಿತ್ವ, ತುಂಬಲಾರದ ನಷ್ಟ. ಹಳೆಯ ಕಾರುಗಳ ಕೂಟದ ಸದಸ್ಯರ ವಿಷಯದಲ್ಲಿ ಇಂಥ ಮಾತುಗಳು ಸುಳ್ಳಲ್ಲದಿದ್ದರೂ, ಅವರ ಕಾರಿಗೆ ಅವುಗಳಿಂದ ಏನೂ ಉಪಯೋಗವಿಲ್ಲ.

ಇಂಥ ಕೂಟಗಳ ಹುಟ್ಟನ್ನು ತಿಳಿಯಲು ಇಂಗ್ಲೆಂಡಿಗೆ ಹೋಗಬೇಕಾಗುತ್ತದೆ. 1896ರ ನವೆಂಬರಿನಲ್ಲಿ ಅಲ್ಲಿನ ಕಾನೂನು ಮೋಟಾರು ವಾಹನಗಳ ವೇಗಮಿತಿಯನ್ನು ಗಂಟೆಗೆ 4 ಮೈಲಿಯಿಂದ 14 ಮೈಲಿಗೆ ಏರಿಸಿದಾಗ, ಆ ಸಂಭ್ರಮಕ್ಕೆ ವಾಹನಗಳ ಗುಂಪೊಂದು ಲಂಡನ್ನಿನಿಂದ ಬ್ರೈಟನ್ ಎಂಬ ಕಡಲತೀರದ ಊರಿಗೆ ಓಡಿತು. 1927ರಲ್ಲಿ ಆ ಓಟವನ್ನು ನೆನಪಿಗಾಗಿ ಮತ್ತೆ ನಡೆಸಿದಾಗ, ಮೂವತ್ತು ವರ್ಷದ ಹಿಂದಿನ ಗಾಡಿಗಳು ಇನ್ನೂ ಓಡುತ್ತವೆ ಎಂಬುದೇ ಜನರಿಗೆ ಒಂದು ಮೋಜಾಯಿತು. ಆ ಮೋಜು ಗಂಭೀರ ಕೆಲಸವಾದದ್ದು 1930ರಲ್ಲಿ ವೆಟರನ್ ಕಾರ್ ಕ್ಲಬ್ ಸ್ಥಾಪನೆಯಾದ ಮೇಲೆ. ಅಮೆರಿಕದ ಆಂಟಿಕ್ ಆಟೊಮೊಬೈಲ್ ಕ್ಲಬ್ 1935ರಲ್ಲಿ ಹುಟ್ಟಿತು. ಭಾರತದಲ್ಲಿ 1960ರ ದಶಕದಲ್ಲಿ ದೆಹಲಿಯಲ್ಲೂ ಬಳಿಕ ಕಲ್ಕತ್ತೆಯಲ್ಲೂ ಆರಂಭವಾದ ಸ್ಟೇಟ್ಸ್‌ಮನ್ ಪತ್ರಿಕೆಯ ರ‍್ಯಾಲಿಗಳು ಈ ಅಭಿರುಚಿಯನ್ನು ಬೆಳೆಸಿದವು. ಬೆಂಗಳೂರಿನಲ್ಲಿ ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಇದೆ.

ವಯಸ್ಸಿನ ಪ್ರಕಾರ ಈ ಕಾರುಗಳಿಗೆ ಬೇರೆ ಬೇರೆ ಹೆಸರುಗಳಿವೆ. ಬ್ರಿಟಿಷರ ರೂಢಿಯಲ್ಲಿ ಕಟ್ಟುನಿಟ್ಟಾಗಿ ಹೇಳುವುದಾದರೆ 1905ಕ್ಕೆ ಮೊದಲು ತಯಾರಾದದ್ದು ವೆಟರನ್, ಮೊದಲ ಮಹಾಯುದ್ಧ ಮುಗಿದಲ್ಲಿಂದ 1930ರವರೆಗಿನದು ವಿಂಟೇಜ್, ಎರಡನೆಯ ಮಹಾಯುದ್ಧದ ನಂತರದ ಹಳೆಯ ಕಾರುಗಳು ಸಾಮಾನ್ಯವಾಗಿ ಕ್ಲಾಸಿಕ್. ನಮ್ಮ ಮಾತಿನಲ್ಲಿ ಮಾತ್ರ ಇವೆಲ್ಲವೂ ‘ವಿಂಟೇಜ್’ ಎಂಬ ಒಂದೇ ಪದದಲ್ಲಿ ಸೇರಿಹೋಗಿದ್ದು, ಮದುವೆಯ ಮೆರವಣಿಗೆಗೆ ಬಾಡಿಗೆಗೆ ಬರುವ ಅಂಬಾಸಿಡರಿಗೂ ಆ ಬಿರುದು ಸಿಗುತ್ತಿದೆ.

ಹಿರಿಯ ಸದಸ್ಯರ ಕೈಯಲ್ಲಿ ನಿಜವಾಗಿ ಏನಿತ್ತು ಎಂಬುದನ್ನು ತುಸು ವಿವರವಾಗಿಯೇ ನೋಡಬೇಕು. ಬ್ಯಾಟರಿಯ ಬಲದಿಂದ ಗುಂಡಿ ಒತ್ತಿ ಎಂಜಿನ್ ಚಾಲೂ ಮಾಡುವ ಸೆಲ್ಫ್ ಸ್ಟಾರ್ಟರ್ ಅನ್ನು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿ, ಅದು 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಳಕೆಗೆ ಬರುವವರೆಗೆ ಎಂಜಿನ್ನನ್ನು ಮುಂದಿನಿಂದ ಹ್ಯಾಂಡಲ್ ಹಾಕಿಯೇ ತಿರುಗಿಸಬೇಕಿತ್ತು. ನಮ್ಮ ಕಡೆಯ ಬಸ್ಸು ಲಾರಿಗಳಲ್ಲಿ ಕ್ಲೀನರುಗಳು ಹ್ಯಾಂಡಲ್ ಹೊಡೆಯುತ್ತಿದ್ದುದು ಇನ್ನೂ ಹಲವರ ನೆನಪಿನಲ್ಲಿದೆ. ಸಿಲಿಂಡರಿನೊಳಗೆ ಕಿಡಿ ಯಾವ ಕ್ಷಣದಲ್ಲಿ ಹಾರಬೇಕು ಎಂಬುದನ್ನು ಆ ಕಾಲದ ಕಾರುಗಳಲ್ಲಿ ಸ್ಟಿಯರಿಂಗಿನ ಬಳಿಯ ಸಣ್ಣ ಸನ್ನೆಯೊಂದು ನಿರ್ಧರಿಸುತ್ತಿದ್ದು, ಅದನ್ನು ಹಿಂದಕ್ಕೆ ಸರಿಸದೆ ಹ್ಯಾಂಡಲ್ ತಿರುಗಿಸಿದರೆ ಕಿಡಿ ಬೇಗ ಹಾರಿ, ಎಂಜಿನ್ ಹಿಮ್ಮುಖವಾಗಿ ಒದ್ದು, ಮಣಿಕಟ್ಟು ಮುರಿಯುವ ಸಂಭವವಿತ್ತು. ಆದ್ದರಿಂದ ಹ್ಯಾಂಡಲನ್ನು ಹಿಡಿಯುವಾಗ ಹೆಬ್ಬೆರಳನ್ನು ಎದುರುಬದಿಗೆ ಸುತ್ತದೆ ಉಳಿದ ಬೆರಳುಗಳ ಬದಿಯಲ್ಲೇ ಇಡಬೇಕು, ಕೆಳಕ್ಕೆ ಒತ್ತದೆ ಮೇಲಕ್ಕೆ ಎಳೆಯಬೇಕು. ಇದನ್ನು ಬರೆಯಲು ಒಂದು ಸಾಲು ಸಾಕಾದರೂ ಕೈಗೆ ಕಲಿಸುವುದಕ್ಕೆ ಒಬ್ಬ ಮನುಷ್ಯ ಪಕ್ಕದಲ್ಲಿ ನಿಲ್ಲಬೇಕು.

ಗೇರಿನ ವಿಷಯವೂ ಹೀಗೆಯೇ. ಬೇರೆ ಬೇರೆ ವೇಗದಲ್ಲಿ ಸುತ್ತುವ ಹಲ್ಲುಚಕ್ರಗಳನ್ನು ಸಮವೇಗಕ್ಕೆ ತಂದು ಸದ್ದಿಲ್ಲದೆ ಕೂಡಿಸುವ ಸಿಂಕ್ರೊಮೆಶ್ ಎಂಬ ಏರ್ಪಾಡು 1928ರ ಸುಮಾರಿಗೆ ಬಂದದ್ದು. ಅದಕ್ಕೂ ಹಿಂದಿನ ಕಾರುಗಳಲ್ಲಿ ಚಾಲಕನೇ ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲಿಗೆ ತಂದು, ಕ್ಲಚ್ ಬಿಟ್ಟು, ಎಂಜಿನ್ನಿನ ವೇಗವನ್ನು ಅಂದಾಜಿನಿಂದ ಸರಿಪಡಿಸಿ, ಮತ್ತೆ ಕ್ಲಚ್ ಒತ್ತಿ ಮುಂದಿನ ಗೇರಿಗೆ ಹಾಕಬೇಕಾಗಿತ್ತು. ಇದಕ್ಕೆ ಹಳೆಯ ಡ್ರೈವರುಗಳು ‘ಡಬಲ್ ಕ್ಲಚ್’ ಎನ್ನುತ್ತಿದ್ದರು. 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಂತೂ ಎಡಗಾಲಿನ ಪೆಡಲ್ಲೇ ಗೇರು, ನಡುವಿನ ಪೆಡಲ್ ಹಿಂದಕ್ಕೆ ಹೋಗಲು, ಬಲಗಡೆಯದು ಬ್ರೇಕು, ಆಕ್ಸಿಲರೇಟರು ಕೈಯಲ್ಲಿ. ಈಗಿನ ಕಾರು ಓಡಿಸುವವರು ಅದರಲ್ಲಿ ಕುಳಿತರೆ, ಅವರ ಕಾಲಿಗೆ ಅಭ್ಯಾಸವಾಗಿರುವುದೆಲ್ಲವೂ ಅಪಾಯಕ್ಕೆ ದಾರಿ ಮಾಡುತ್ತದೆ.

ಗ್ಯಾರೇಜಿನ ಕೆಲಸದಲ್ಲಿ ಈ ಕೈಯರಿವು ಇನ್ನೂ ಸೂಕ್ಷ್ಮವಾದುದು. ಹಳೆಯ ಎಂಜಿನ್ನುಗಳಲ್ಲಿ ಬೇರಿಂಗುಗಳನ್ನು ಅಂಗಡಿಯಿಂದ ತಂದು ಕೂರಿಸುವಂತಿರಲಿಲ್ಲ. ತವರ, ಆಂಟಿಮನಿ ಮತ್ತು ತಾಮ್ರ ಬೆರೆತ ವೈಟ್ ಮೆಟಲ್ ಎಂಬ ಮೆದು ಲೋಹವನ್ನು ಕರಗಿಸಿ ಹೊಯ್ದು, ಆರಿದ ಮೇಲೆ ಶಾಫ್ಟಿಗೆ ನೀಲಿ ಬಣ್ಣ ಹಚ್ಚಿ ತಿರುಗಿಸಿ, ಎಲ್ಲಿ ಬಣ್ಣ ಹತ್ತಿದೆಯೋ ಅಲ್ಲಿ ಮಾತ್ರ ಕೂದಲೆಳೆಯಷ್ಟು ಕೆರೆದು, ಮತ್ತೆ ತಿರುಗಿಸಿ, ಮತ್ತೆ ಕೆರೆದು ಕೂರಿಸುತ್ತಿದ್ದರು. ಬಾಡಿಯ ತಗಡಿನ ಒಳಗೆ ಮರದ ಚೌಕಟ್ಟು ಇರುತ್ತಿದ್ದುದರಿಂದ ಬಡಗಿಯ ಕೆಲಸವೂ, ಚಕ್ರಗಳ ಅರೆಕಾಲುಗಳು ಮರದವಾದರೆ ಬೇಸಿಗೆಯಲ್ಲಿ ಅವು ಒಣಗಿ ಸಡಿಲವಾಗದಂತೆ ನೋಡಿಕೊಳ್ಳುವ ಎಚ್ಚರವೂ ಬೇಕು. ಕಬ್ಬಿನ ಗದ್ದೆಗಳ ನಡುವೆ ಇರುವ ನಂಜನಗೂಡಿನ ಸೀಮೆಯವರಿಗೆ ಹತ್ತಿರದ ಉದಾಹರಣೆಯೊಂದಿದೆ: ಕಬ್ಬು ಮತ್ತು ಧಾನ್ಯಗಳಿಂದ ತೆಗೆದ ಎಥನಾಲನ್ನು ಈಗ ಪೆಟ್ರೋಲಿಗೆ ಶೇ 20ರವರೆಗೆ ಬೆರೆಸಲಾಗುತ್ತಿದ್ದು, ಹಳೆಯ ಕೆಲವು ಕಾರ್ಬ್ಯುರೇಟರುಗಳಲ್ಲಿ ಪೆಟ್ರೋಲಿನ ಮಟ್ಟವನ್ನು ಕಾಯುವ ಬೆಂಡಿನ ತೇಲುಬುರುಡೆಗೆ ಬಳಿದಿರುವ ಅರಗಿನ ಲೇಪವು ಆ ಎಥನಾಲಿನಲ್ಲಿ ಕರಗಿಹೋಗುತ್ತದೆ. ಲೇಪ ಹೋದ ಬೆಂಡು ಪೆಟ್ರೋಲನ್ನು ಹೀರಿ ಮುಳುಗಿ, ಕಾರ್ಬ್ಯುರೇಟರು ಉಕ್ಕಿ, ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸುರಿಯುತ್ತದೆ. ಹತ್ತು ವರ್ಷದ ಹಿಂದೆ ತೀರಿಕೊಂಡ ಹಿರಿಯರೊಬ್ಬರ ಕಾರನ್ನು ಮಗನೋ ಮೊಮ್ಮಗಳೋ ಉತ್ಸಾಹದಿಂದ ಹೊರತೆಗೆದು ಬಂಕಿಗೆ ಒಯ್ದರೆ ಏನಾಗಬಹುದೆಂಬುದನ್ನು ಹೇಳಬೇಕಾದವರು ಆ ಹಿರಿಯರ ಜೊತೆಗಾರರೇ.

ಕೂಟವೊಂದು ತನ್ನ ಹಿರಿಯರಿಂದ ಪಡೆಯಬಹುದಾದದ್ದು ಏನೆಂಬುದಕ್ಕೆ ವೆಟರನ್ ಕಾರ್ ಕ್ಲಬ್ಬಿನ ಸ್ಥಾಪಕರಲ್ಲಿ ಒಬ್ಬರಾದ ಎಸ್.ಸಿ.ಎಚ್. ಡೇವಿಸ್ ಅವರ ಬಾಳು ಒಳ್ಳೆಯ ನಿದರ್ಶನ. ‘ಸ್ಯಾಮಿ’ ಎಂದೇ ಗೆಳೆಯರಿಗೆ ಪರಿಚಿತರಾಗಿದ್ದ ಅವರು 1927ರ ಲ ಮಾನ್ಸ್ 24 ಗಂಟೆಗಳ ಓಟದಲ್ಲಿ, ರಾತ್ರಿ ಸರಣಿ ಅಪಘಾತದಲ್ಲಿ ಜಖಂಗೊಂಡ ಬೆಂಟ್ಲಿ ಕಾರನ್ನೇ ಬೆಂಜಾಫೀಲ್ಡ್ ಎಂಬ ಜೊತೆಗಾರನೊಂದಿಗೆ ಓಡಿಸಿ ಗೆದ್ದವರು. 1981ರಲ್ಲಿ ತೀರಿಕೊಂಡ ಅವರನ್ನು ಹೊರಗಿನವರು ನೆನೆಯುವುದು ಆ ಗೆಲುವಿಗಾಗಿ. ಆದರೆ ಹಳೆಯ ಕಾರುಗಳನ್ನು ಬಲ್ಲವರಿಗೆ ಅವರು ಮುಖ್ಯರಾಗುವುದು ಮೋಟಾರು ಪತ್ರಿಕೆಯ ಬರಹಗಾರರಾಗಿ ಕಂಡದ್ದನ್ನು ಬರೆದಿಟ್ಟದ್ದರಿಂದ, ಮತ್ತು ಅವರಂಥವರು ಕಟ್ಟಿದ ಕ್ಲಬ್ಬು ಒಂದೊಂದು ಹಳೆಯ ಕಾರನ್ನೂ ಪರೀಕ್ಷಿಸಿ ಅದು ಯಾವ ವರ್ಷದ್ದೆಂದು ಪ್ರಮಾಣಪತ್ರ ಕೊಡುವ ಪದ್ಧತಿಯನ್ನು ಬೆಳೆಸಿದ್ದರಿಂದ. ಮಾರುವವರು ಕಾರಿನ ವಯಸ್ಸನ್ನು ಹೆಚ್ಚಿಸಿ ಹೇಳುವುದು ಎಲ್ಲ ದೇಶಗಳಲ್ಲೂ ಇರುವ ಚಾಳಿ. ಅದಕ್ಕೆ ಎದುರು ನಿಲ್ಲುವುದು ಛಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಹಳೆಯ ಚಿತ್ರ ಮತ್ತು ನಂಬಬಹುದಾದ ಹಿರಿಯರ ಸಾಕ್ಷ್ಯ. ಇವೆಲ್ಲ ಸೇರಿ ಆದದ್ದೇ ಕಾರಿನ ಪೂರ್ವಾಪರ, ಅಂದರೆ ಅದು ಯಾರ ಕೈಯಿಂದ ಯಾರ ಕೈಗೆ ಬಂತು, ನಡುವೆ ಏನೇನಾಯಿತು ಎಂಬ ಚರಿತ್ರೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಕೂಡ, ವಾಹನವನ್ನು ಹೊಳೆಯುವಂತೆ ಹೊಸದಾಗಿಸುವುದಕ್ಕಿಂತ ಅದರ ಚರಿತ್ರೆಯ ಗುರುತುಗಳನ್ನು ಉಳಿಸಿಕೊಳ್ಳುವುದಕ್ಕೆ ಹೆಚ್ಚಿನ ಬೆಲೆ ಕೊಡುತ್ತದೆ.

ಮೈಸೂರು ಸೀಮೆಯ ಕಾರುಗಳ ಚರಿತ್ರೆಯಲ್ಲಿ ಇಂಥ ಪೂರ್ವಾಪರವನ್ನು ಬರೆದಿಡದ ಕೊರತೆ ಎದ್ದು ಕಾಣುತ್ತದೆ. ಮೈಸೂರಿನ ಮಹಾರಾಜರು ರೋಲ್ಸ್ ರಾಯ್ಸ್ ಕಾರುಗಳನ್ನು ಒಮ್ಮೆಗೆ ಏಳೇಳರಂತೆ ತರಿಸುತ್ತಿದ್ದರೆಂದೂ, ಆದ್ದರಿಂದ ಆ ಕಂಪನಿಯಲ್ಲಿ ಸಗಟಾಗಿ ಕೊಳ್ಳುವುದಕ್ಕೆ ಮೈಸೂರಿನ ಹೆಸರೇ ಅಂಟಿಕೊಂಡಿತೆಂದೂ ಒಂದು ಕಥೆ ಕಾರುಪ್ರಿಯರ ನಡುವೆ ಜಗತ್ತಿನೆಲ್ಲೆಡೆ ಚಲಾವಣೆಯಲ್ಲಿದೆ. ಕಥೆ ಚೆನ್ನಾಗಿದೆ, ಆದರೆ ಅದು ಪೂರ್ತಿಯಾಗಿ ಮೇಲಿನ ಪಟ್ಟಿಕೆಗೆ ಸೇರಿದ್ದು. ಆ ಕಾರುಗಳಿಗೆ ಹ್ಯಾಂಡಲ್ ಹಾಕಿದವರು, ಕಪಿಲಾ ನದಿಯ ಮೇಲೆ 1735ರಲ್ಲಿ ದಳವಾಯಿ ದೇವರಾಜನು ಕಟ್ಟಿಸಿದ, ಮುಂದೆ ರೈಲನ್ನೂ ರಸ್ತೆಯನ್ನೂ ಒಟ್ಟಿಗೆ ಹೊತ್ತ ನಂಜನಗೂಡಿನ ಕಿರಿದಾದ ಸೇತುವೆಯ ಮೇಲೆ ಗಾಡಿಗಳನ್ನು ದಾಟಿಸಿದವರು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಇದ್ದಾಗ ಹಿಂಬದಿಗೆ ಇದ್ದಿಲಿನ ಒಲೆ ಕಟ್ಟಿ, ಅದರ ಅನಿಲದಿಂದಲೇ ಬಸ್ಸು ಓಡಿಸಿದವರು, ಇಂಥವರ ಹೆಸರುಗಳನ್ನು ಯಾವ ರ‍್ಯಾಲಿಯ ಫಲಕದಲ್ಲಿಯೂ ಕಾಣುವುದು ಅಪರೂಪ. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯು ರಾಜಧನವನ್ನು ರದ್ದುಮಾಡಿದ ಮೇಲೆ ದೇಶದಾದ್ಯಂತ ಅರಮನೆಗಳ ಕಾರುಗಳು ಕೈಬದಲಾದವು. ಆಗ ಕಾರುಗಳು ಹೋದವು, ಆದರೆ ಅವುಗಳನ್ನು ಅರಿತಿದ್ದ ಮನುಷ್ಯರು ಅವುಗಳ ಜೊತೆ ಹೋಗಲಿಲ್ಲ.

ಕಾರು ತಯಾರಿಕೆಯ ಕನಸೂ ಈ ನೆಲದ್ದೇ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲಿ ಮೋಟಾರು ಕಾರ್ಖಾನೆಯೊಂದನ್ನು ಕಟ್ಟಬೇಕೆಂದು ವಿದೇಶ ಸುತ್ತಿ ಯೋಜನೆ ಸಿದ್ಧಪಡಿಸಿದ್ದರು. ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯದೆ ಅದು ತಡವಾಗಿ, ಕೊನೆಗೆ ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಕಂಪನಿಯ ಮೂಲಕ 1940ರ ದಶಕದಲ್ಲಿ ಮುಂಬಯಿಯಲ್ಲಿ ಕೈಗೂಡಿತು. ಮೈಸೂರಿಗೆ ಬಂದದ್ದು ಕಾರಲ್ಲ, 1960ರ ದಶಕದ ಆರಂಭದ ಜಾವಾ ಮೋಟಾರು ಸೈಕಲ್ಲು. ಆ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅದರ ಕೆಲಸಗಾರರಿಂದ ಕಲಿತವರು ಇದ್ದುದರಿಂದ ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಇಂದಿಗೂ ಓಡುತ್ತಿವೆ.

ವ್ಯಕ್ತಿಯೊಬ್ಬರ ಹವ್ಯಾಸ ಅವರ ನಂತರವೂ ಉಳಿಯಬೇಕಾದರೆ ಅದಕ್ಕೊಂದು ನೆಲೆ ಬೇಕು. ಭಾರತದ ವಿಂಟೇಜ್ ಕಾರುಗಳ ಲೋಕದಲ್ಲಿ ಬಹುಕಾಲ ಹಿರಿಯಣ್ಣನಂತಿದ್ದ ಮುಂಬಯಿಯ ಉದ್ಯಮಿ ಪ್ರಾಣಲಾಲ್ ಭೋಗೀಲಾಲ್ 2011ರಲ್ಲಿ ತೀರಿಕೊಂಡಾಗ, ಅಹಮದಾಬಾದಿನ ಬಳಿಯ ಕಠವಾಡಾದಲ್ಲಿ ಅವರು ಕಟ್ಟಿದ್ದ ಆಟೊ ವರ್ಲ್ಡ್ ಸಂಗ್ರಹಾಲಯವು ನೂರಕ್ಕೂ ಹೆಚ್ಚು ಕಾರುಗಳೊಡನೆ ಉಳಿಯಿತು. ಕರ್ನಾಟಕದಲ್ಲಿ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಕಾರುಗಳು ಮೊದಲಿನಿಂದಲೂ ಧರ್ಮಸ್ಥಳದಲ್ಲಿ ಜನರ ನೋಟಕ್ಕೆ ಸಿಗುತ್ತಿದ್ದು, ಈಗ ಶ್ರೀರಂಗಪಟ್ಟಣದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕದಲ್ಲಿ ‘ಪಯಣ’ ಎಂಬ ಸಂಗ್ರಹಾಲಯವೂ ಇದೆ. ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರಷ್ಟು ಹಿಂದೆಯೇ ಆರಂಭವಾಗಿತ್ತೆಂಬುದನ್ನು ನೆನೆದರೆ, ಕಾರುಗಳ ಸರದಿ ತಡವಾಗಿಯೇ ಬಂದಿತೆನ್ನಬೇಕು. ಆದರೂ ಸಂಗ್ರಹಾಲಯದಲ್ಲಿ ನಿಲ್ಲಿಸಿದ ಕಾರು ಮತ್ತು ಕೂಟದ ಸದಸ್ಯರು ತಿಂಗಳಿಗೊಮ್ಮೆ ಚಾಲೂ ಮಾಡುವ ಕಾರು ಒಂದೇ ಅಲ್ಲ. ಓಡದ ಎಂಜಿನ್ನಿನಲ್ಲಿ ಎಣ್ಣೆ ಇಳಿದುಹೋಗಿ, ಪಿಸ್ಟನ್ನಿನ ರಿಂಗುಗಳು ಸಿಲಿಂಡರಿಗೆ ಅಂಟಿಕೊಂಡು, ಕ್ರಮೇಣ ಅದು ಕಾರಿನ ಆಕಾರದ ಕಬ್ಬಿಣವಾಗುತ್ತದೆ. ಹಾಗಾಗಿ ಸಂಗ್ರಹಾಲಯಗಳು ಎಷ್ಟೇ ಬಂದರೂ ಕೂಟಗಳ ಅಗತ್ಯ ಉಳಿದೇ ಇರುತ್ತದೆ.

ಮನೆಯವರು ತಿಳಿದಿರಬೇಕಾದ ಕಾನೂನಿನ ಸಂಗತಿಗಳು ಎರಡು. ಒಡೆಯರು ತೀರಿಕೊಂಡರೆ ವಾಹನವನ್ನು ಇಟ್ಟುಕೊಂಡವರು 30 ದಿನಗಳೊಳಗೆ ಆರ್‌ಟಿಒ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ತಮ್ಮ ಹೆಸರಿಗೆ ಬದಲಾಯಿಸಿಕೊಳ್ಳಲು ಅರ್ಜಿ ಹಾಕಬೇಕು. ಇದನ್ನು ಬಿಟ್ಟ ಎಷ್ಟೋ ಕಾರುಗಳು ಮುಂದೆ ಕಾಗದಪತ್ರವಿಲ್ಲದ ಅನಾಥ ಸರಕಾಗುತ್ತವೆ. ಎರಡನೆಯದು, ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಲು ಅವಕಾಶವಿದ್ದು, ರಾಜ್ಯದ ಸಂಕೇತದ ನಂತರ ‘ವಿಎ’ ಎಂಬ ಅಕ್ಷರಗಳುಳ್ಳ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ, ಅವಧಿ ಹತ್ತು ವರ್ಷ. ಅಂಥ ವಾಹನವನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಮುಂತಾದ ಕೆಲಸಗಳಿಗೆ ರಸ್ತೆಗಿಳಿಸಬಹುದೇ ಹೊರತು ಬಾಡಿಗೆಗೆ ಓಡಿಸುವಂತಿಲ್ಲ. ಮೈಸೂರು ರಾಜ್ಯದ ಕಾಲದ ‘ಎಂವೈ’ ಅಕ್ಷರಗಳಿಂದ ಆರಂಭವಾಗುವ ಹಳೆಯ ನಂಬರು ಫಲಕ ಕಾರಿನ ಮೇಲೆ ಇನ್ನೂ ಇದ್ದರೆ ಅದನ್ನು ತೆಗೆದು ಎಸೆಯಬಾರದು. ಪೂರ್ವಾಪರವನ್ನು ಹುಡುಕಲು ಅದೇ ಮೊದಲ ಎಳೆ.

ಕಾಗದ ಹೇಳದ್ದನ್ನು ಕೆಲವೊಮ್ಮೆ ಬಾಯಿಮಾತು ಹೇಳುತ್ತದೆ. ನಂಜನಗೂಡು ತಾಲ್ಲೂಕಿನ ಹೆಡತಲೆಯಲ್ಲಿ, ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯದ ಜೊತೆಗೆ ಹದಿನಾರು ಮುಖದ ಚಾವಡಿ ಎಂಬ ಕಟ್ಟಡವೊಂದಿದ್ದು, ಅಲ್ಲಿನ ನಾಯಕನೊಬ್ಬನ ಹದಿನಾರು ಮಂದಿ ಅಳಿಯಂದಿರು ಮೇಲುಕೀಳಿನ ಜಗಳವಿಲ್ಲದೆ ಒಟ್ಟಿಗೆ ಕೂರಲೆಂದು ಅದನ್ನು ಕಟ್ಟಿಸಿದರೆಂದು ಜನ ಹೇಳುತ್ತಾರೆ. ಆ ಮಾತು ಚರಿತ್ರೆಯೋ ಕಥೆಯೋ ಎಂಬ ಪ್ರಶ್ನೆ ಬೇರೆ. ಮಾತು ಉಳಿದಿರದಿದ್ದರೆ ಅಷ್ಟೊಂದು ಮುಖಗಳು ಏಕೆಂದು ಕೇಳಿದವರಿಗೆ ಹೇಳುವವರು ಇರುತ್ತಿರಲಿಲ್ಲ. ಹಳೆಯ ಕಾರಿನ ಬಾನೆಟ್ಟಿನ ಒಳಗೂ ಹೀಗೆಯೇ ಏಕೆಂದು ತಿಳಿಯದ ತಂತಿ, ಬೇರೆ ಕಂಪನಿಯ ಪಂಪು, ಕೈಯಿಂದ ಕೊರೆದ ತೂತು ಇರುತ್ತವೆ. ಹೊಸಬರು ಅದನ್ನು ತಪ್ಪೆಂದು ತಿಳಿದು ಕಿತ್ತುಹಾಕುತ್ತಾರೆ, ಆಮೇಲೆ ಕಾರು ಚಾಲೂ ಆಗುವುದಿಲ್ಲ.

ಆದುದರಿಂದ ಅಗಲಿದ ಸದಸ್ಯರ ಹೆಸರಿನಲ್ಲಿ ಟ್ರೋಫಿ ಇಡುವ ಮೊದಲು ಕೂಟಗಳು ಮಾಡಬೇಕಾದ ಕೆಲಸ ಚಿಕ್ಕದು ಮತ್ತು ಅಗ್ಗದ್ದು. ಅವರ ಕಾರಿನ ಛಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು, ಆರ್‌ಸಿ ಪುಸ್ತಕವನ್ನು, ಬಾನೆಟ್ಟಿನ ಒಳಭಾಗವನ್ನು ಚಿತ್ರ ತೆಗೆದು, ಅವರ ಜೊತೆ ಕೆಲಸ ಮಾಡಿದ ಮೆಕ್ಯಾನಿಕ್, ಟಿಂಕರ್, ಕುಶನ್ ಕೆಲಸದವರು, ಲೇತಿನ ಮೇಸ್ತ್ರಿಗಳನ್ನು ಕಂಡು, ಯಾರು ಯಾವ ವರ್ಷ ಏನು ಮಾಡಿದರೆಂದು ಅವರವರ ಹೆಸರಿನಲ್ಲೇ ಬರೆದುಕೊಂಡು, ಆ ಬರಹದ ಒಂದು ಪ್ರತಿಯನ್ನು ಕಾರಿನಲ್ಲೂ ಇನ್ನೊಂದನ್ನು ಕೂಟದ ಕಡತದಲ್ಲೂ ಇಡಬೇಕು. ಇದಕ್ಕಿಂತಲೂ ಒಳ್ಳೆಯದೆಂದರೆ ಹಿರಿಯರು ಬದುಕಿರುವಾಗಲೇ ಅವರನ್ನು ಕಾರಿನ ಪಕ್ಕದಲ್ಲಿ ಕೂರಿಸಿ, ಕೈಯಲ್ಲಿರುವ ಮೊಬೈಲಿನಲ್ಲೇ ಅವರ ಮಾತನ್ನೂ ಎಂಜಿನ್ನಿನ ಸದ್ದನ್ನೂ ದಾಖಲಿಸಿಕೊಳ್ಳುವುದು. ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆಯ ಹಳ್ಳಿಗಳಲ್ಲಿ ಅಜ್ಜನ ಕಾಲದ ಕಾರೊಂದನ್ನು ಕೊಟ್ಟಿಗೆಯ ಮೂಲೆಯಲ್ಲಿ ಟಾರ್ಪಾಲು ಹೊದಿಸಿ ಇಟ್ಟಿರುವ ಮನೆಯವರು ಗುಜರಿಯವರಿಗೆ ಫೋನ್ ಮಾಡುವ ಮುನ್ನ, ಅದನ್ನು ಕೊನೆಯದಾಗಿ ಓಡಿಸಿದ ಡ್ರೈವರ್ ಎಲ್ಲಿದ್ದಾರೆಂದು ಒಮ್ಮೆ ವಿಚಾರಿಸಿ ನೋಡಬೇಕು.